ಭಾವ ಹತ್ತಿದ ವಯಸ್ಕರ ಹಡಗು

ಶಿರಸಿ ಕಡೆಯ ನಮ್ಮ ಭಾವ ಘಟ್ಟ ಇಳಿದು ಕಾರವಾರಕ್ಕೆ ಬರುವುದು ಎರಡೇ ಕಾರಣಕ್ಕೆ. ಒಂದು, ಜಮೀನಿನ ಕಾಗದಪತ್ರದ ಕೆಲಸ. ಇನ್ನೊಂದು, ಹೋದ ಸಲ ಆಗದೇ ಉಳಿದ ಅದೇ ಕೆಲಸ. ಆದರೆ ಈ ಸಲ ಕೈಯಲ್ಲಿ ಫೈಲು ಇರಲಿಲ್ಲ. ಚಹಾ ಕುಡಿದ. ನನ್ನ ಹೆಂಡತಿ ಒಳಗೆ ಹೋಗುವುದನ್ನೇ ಕಾದು ಬಾಗಿಲು ಮುಂದೆ ಮಾಡಿದ. ಆಮೇಲೆ ನಮ್ಮ ಹವ್ಯಕ ಮಾತು ಬಿಟ್ಟು ಪುಸ್ತಕದ ಕನ್ನಡದಲ್ಲಿ ಶುರು ಮಾಡಿದ. ಸಾವು, ಸಾಲ, ಕೋರ್ಟು ಇಂಥ ವಿಷಯಕ್ಕೆ ಮಾತ್ರ ಅವನು ಹಾಗೆ ಮಾತಾಡುವುದು.

‘ನೋಡು, ಮಗ ನಮಗೆ ಹಡಗಿನ ಪ್ರವಾಸದ ಟಿಕೆಟ್ ತೆಗೆಸಿದ್ದಾನೆ. ಆದರೆ ಇಲ್ಲಿ ಏನು ಬರೆದಿದೆ ಓದು.’

ಓದಿದೆ. ಅಡಲ್ಟ್ಸ್ ಓನ್ಲಿ. ವಯಸ್ಕರಿಗೆ ಮಾತ್ರ.

‘ಇದು... ಅದೇನಾ?’ ಅಂದ ಭಾವ.

ಅವನ ತಪ್ಪಲ್ಲ. ನಮ್ಮ ಕಾಲದವರಿಗೆ ಈ ಮಾತು ಪರಿಚಯವಾದದ್ದು ಥೇಟರಿನ ಗೋಡೆಯ ಪೋಸ್ಟರಿನಿಂದ. ಒಂದು ‘ಎ’, ಅದರ ಸುತ್ತ ಒಂದು ಗೆರೆ. ಕಾಲೇಜಿಗೆ ಹೋಗುವಾಗ ಆ ಗೋಡೆ ಬಂದ ಕೂಡಲೇ ಭಾವ ಛತ್ರಿ ಅಡ್ಡ ಹಿಡಿಯುತ್ತಿದ್ದನಂತೆ. ಪೋಸ್ಟರಿಗೆ ಅಡ್ಡವೋ, ರಸ್ತೆಯಲ್ಲಿ ಹೋಗುವವರಿಗೆ ಅಡ್ಡವೋ, ಅದನ್ನು ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ನನ್ನ ಹತ್ತಿರವೇ ಬಂದದ್ದಕ್ಕೂ ಕಾರಣ ಇದೆ. ಕಾರವಾರದಲ್ಲಿ ಮನೆ ಇದ್ದವರಿಗೆಲ್ಲ ಹಡಗಿನ ವಿಷಯ ಗೊತ್ತಿರುತ್ತದೆ ಅಂತ ಘಟ್ಟದ ಮೇಲಿನವರ ನಂಬಿಕೆ. ಬೈತಖೋಲದಲ್ಲಿ ಬಂದರು, ಆಚೆಗೆ ಕದಂಬ ನೌಕಾನೆಲೆ, ಮತ್ತೆ ಗೊತ್ತಿಲ್ಲದೆ ಹೇಗೆ? ನಿಜ ಹೇಳಬೇಕೆಂದರೆ ನಾನು ಹತ್ತಿದ ದೊಡ್ಡ ಹಡಗು ಒಂದೇ. ಟ್ಯಾಗೋರ್ ಕಡಲತೀರದಲ್ಲಿ ಇಟ್ಟಿರುವ ಚಪಲ್ ಅನ್ನುವ ಹಳೆಯ ಯುದ್ಧನೌಕೆ. ಅದು ನಿಂತಿರುವುದು ನೆಲದ ಮೇಲೆ. ಟಿಕೆಟ್ ತಗೊಂಡು ಹತ್ತಿದೆ, ಇಳಿದೆ, ಗೋಬಿ ತಿಂದು ಮನೆಗೆ ಬಂದೆ. ತದಡಿಯಿಂದ ಅಘನಾಶಿನಿಗೆ ದಾಟುವಾಗಲೇ ವಾಂತಿ ಬರಿಸಿಕೊಳ್ಳುವ ಮನುಷ್ಯ ನಾನು. ಆದರೂ ಮರ್ಯಾದೆ ಪ್ರಶ್ನೆ ನೋಡಿ, ಎರಡು ದಿನ ಕೂತು ಓದಿಕೊಂಡೆ.

ಓದಿದ ಮೇಲೆ ಗೊತ್ತಾಯಿತು. ಭಾವ ಹೆದರಿದಂಥದ್ದು ಏನೂ ಅಲ್ಲಿಲ್ಲ. ‘ವಯಸ್ಕರಿಗೆ ಮಾತ್ರ’ ಅಂದರೆ ಅಲ್ಲಿ ಅರ್ಥ ಇಷ್ಟೇ: ಮಕ್ಕಳು ಇಲ್ಲ. ಈಜುಕೊಳಕ್ಕೆ ದಬಾರನೆ ಹಾರುವವರಿಲ್ಲ, ಊಟದ ಹಾಲಿನಲ್ಲಿ ಕುರ್ಚಿ ಎಳೆದಾಡುವವರಿಲ್ಲ, ಲಿಫ್ಟಿನ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿ ಓಡುವವರಿಲ್ಲ. ಇದಕ್ಕೆ ಜನ ಲಕ್ಷಗಟ್ಟಲೆ ಕೊಡುತ್ತಾರೆ.

ಇದರಲ್ಲೂ ಜಾತಿಗಳಿವೆ. ದೊಡ್ಡ ಸಂಸಾರದ ಹಡಗುಗಳಲ್ಲಿ ಒಂದು ಮೂಲೆಯನ್ನು ದೊಡ್ಡವರಿಗೆ ಅಂತ ಬೇರೆ ಮಾಡಿರುತ್ತಾರೆ. ನಮ್ಮ ಮದುವೆ ಮನೆ ಮಹಡಿಯ ಇಸ್ಪೀಟಿನ ಕೋಣೆ ಇದ್ದ ಹಾಗೆ. ಕೆಳಗೆ ಗಲಾಟೆ ಗಲಾಟೆಯೇ. ಪೂರ್ತಿ ಹಡಗೇ ದೊಡ್ಡವರದ್ದು ಬೇಕು ಅಂದರೆ ವರ್ಜಿನ್ ವಾಯೇಜಸ್‌ನದ್ದಿದೆ. 18 ತುಂಬಿರಬೇಕು. ಅಲ್ಲಿ ಹಡಗಿನೊಳಗೇ ಹಚ್ಚೆ ಹಾಕುವ ಅಂಗಡಿ ಇದೆ. ರಾತ್ರಿ ಜಾಸ್ತಿ, ಹಗಲು ಕಡಿಮೆ. ವೈಕಿಂಗ್‌ನದ್ದೂ 18 ದಾಟಿದವರಿಗೇ, ಆದರೆ ಅಲ್ಲಿ ಕ್ಯಾಸಿನೊ ಕೂಡ ಇಲ್ಲ. ಉಪನ್ಯಾಸ ಉಂಟು. ಇಂಗ್ಲೆಂಡಿನ ಪಿ ಅಂಡ್ ಓ ಕಂಪನಿಯವರು ಅರ್ಕೇಡಿಯಾ, ಅರೋರಾ ಅಂತ ಎರಡು ಹಡಗುಗಳನ್ನು ದೊಡ್ಡವರಿಗಾಗಿಯೇ ಇಟ್ಟಿದ್ದಾರೆ. ಸಾಗಾ ಅಂತ ಇನ್ನೊಂದು ಕಂಪನಿ. ಅಲ್ಲಿ 50 ಆಗಿರಬೇಕು. ಜೊತೆಗೆ ಬರುವವರಿಗೆ ಮಾತ್ರ 40 ಆಗಿದ್ದರೆ ಸಾಕು ಅಂತ ರಿಯಾಯಿತಿ. ಗಂಡು ಹುಡುಕುವ ನಮ್ಮ ಕಡೆಯ ಜಾಹೀರಾತುಗಳಿಗಿಂತ ಇವರ ಷರತ್ತೇ ಸಡಿಲ.

ಭಾವನಿಗೆ 68. ಹಚ್ಚೆಯ ಹಡಗಾದರೆ ಅಕ್ಕ ಏನನ್ನುತ್ತಾಳೋ ಅಂತ ಅವನಿಗೊಂದು ಅಳುಕು. ‘ಸುಮ್ನೆ ಕೇಳ್ತೆ, ಹಚ್ಚೆ ಹಾಕಿಸ್ಕೊಳ್ಳೋದು ಕಡ್ಡಾಯವಾ?’ ಅಂತ ಎರಡು ಸಲ ಕೇಳಿದ. ಇವನದ್ದು ಅದಲ್ಲ, ರಿಟೈರಾದವರು ಹೋಗುವ ಹಡಗು ಅಂತ ಸಮಾಧಾನ ಮಾಡಿದೆ. ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಪುಕ್ಕಟೆ ಸಲಹೆ ಬೇಕಾದವರಿಗೆ ಒಂದು ಮಾತು. ಮಕ್ಕಳಿಲ್ಲದ ಹಡಗು ಬೇಕು ಅಂತ ಜಾಸ್ತಿ ದುಡ್ಡು ಸುರಿಯಬೇಕಾಗಿಲ್ಲ. ಶಾಲೆ ನಡೆಯುವ ತಿಂಗಳಲ್ಲಿ ಹೊರಡುವ ಯಾವುದೇ ಹಡಗು ಹಿಡಿಯಿರಿ. ದರವೂ ಕಡಿಮೆ, ಮಕ್ಕಳೂ ಕಡಿಮೆ. ಪ್ರಯಾಣ ಉದ್ದವಾದಷ್ಟೂ ಜೊತೆಯವರ ವಯಸ್ಸು ಏರುತ್ತದೆ. ಮೂರು ತಿಂಗಳ ಪ್ರಯಾಣವಾದರೆ ಭಾವನನ್ನೇ ‘ಹುಡುಗ’ ಅಂತ ಕರೆಯುವವರು ಸಿಗುತ್ತಾರೆ.

ಈಗ ಅಸಲು ವಿಷಯ. ನನ್ನ ಅಳಿಯ, ಅಂದರೆ ಭಾವನ ಮಗ, ಇರುವುದು ಇಂಗ್ಲೆಂಡಿನಲ್ಲಿ. ಅವನಿಗೊಬ್ಬ ಮಗ, ಆರು ವರ್ಷ. ಅಕ್ಕ-ಭಾವ ಆ ಮೊಮ್ಮಗನನ್ನು ಕೈಯಲ್ಲಿ ಮುಟ್ಟಿದ್ದು ಎರಡೇ ಸಲ. ಉಳಿದದ್ದೆಲ್ಲ ವಿಡಿಯೊ ಕಾಲು. ಅದೂ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ. ಹಾಗಾಗಿ ಮಗು ಅಜ್ಜಿ ಮನೆ ಅಂದರೆ ಎಮ್ಮೆ ಅಂತ ತಿಳಿದುಕೊಂಡಿದೆ. ಮೂರು ವರ್ಷದ ಮೇಲೆ ಇವರು ಅಲ್ಲಿಗೆ ಹೊರಟದ್ದು ಆ ಮಗುವನ್ನು ನೋಡಲು. ಮಗ ಮಾಡಿದ್ದೇನು? ಬಂದ ಮಾರನೆಯ ದಿನವೇ ಇಬ್ಬರನ್ನೂ ಒಂದು ವಾರ ಮಕ್ಕಳಿಗೆ ಪ್ರವೇಶವಿಲ್ಲದ ಹಡಗಿಗೆ ಹತ್ತಿಸುವ ಏರ್ಪಾಡು. ಸೌತಾಂಪ್ಟನ್‌ನಿಂದ ನಾರ್ವೆಗೆ, ಅಲ್ಲಿಂದ ವಾಪಸ್ಸು. ‘ಅಪ್ಪ-ಅಮ್ಮನಿಗೆ ಸ್ವಲ್ಪ ಶಾಂತಿ ಬೇಕು ಮಾವ. ಮಕ್ಕಳ ಗಲಾಟೆ ಇಲ್ಲದೆ ಇದ್ದು ಬರಲಿ’ ಅಂತ ನನಗೆ ಫೋನಿನಲ್ಲಿ ಹೇಳಿದ.

ಮಕ್ಕಳ ಗಲಾಟೆ! ಅವನು ಹುಟ್ಟಿದ ಊರಿನ ಲೆಕ್ಕ ಕೇಳಿ. ಹದಿನಾಲ್ಕು ಮನೆ. ಅದರಲ್ಲಿ ಐದಕ್ಕೆ ಬೀಗ. ಉಳಿದ ಒಂಬತ್ತರಲ್ಲಿ ಇಪ್ಪತ್ತು ಜನ. ಊರಿಗೇ ಕಿರಿಯವನು ಅಂದರೆ ಐವತ್ತೆರಡರ ಒಬ್ಬ ಬ್ರಹ್ಮಚಾರಿ. ಎಂಟು ಎಕರೆ ತೋಟ ಇದೆ, ಹೆಣ್ಣು ಕೊಡುವವರಿಲ್ಲ. ಶಾಲೆ ಇತ್ತು, ಮಕ್ಕಳು ಮೂರಾದರು, ಎರಡಾದರು, ಕೊನೆಗೆ ಒಬ್ಬಳೇ ಹುಡುಗಿ ತರಗತಿಯಲ್ಲಿ ಮೊದಲನೆಯವಳೂ ಕೊನೆಯವಳೂ ಆಗಿ ಪಾಸಾಗಿ ಹೋದಳು. ಬಾಗಿಲು ಹಾಕಿದರು. ಗಂಟೆ ಮಾತ್ರ ಇನ್ನೂ ಜಗಲಿಯಲ್ಲಿ ನೇತಾಡುತ್ತಿದೆ, ಗಾಳಿ ಬಂದಾಗ ಹೊಡೆದುಕೊಳ್ಳುತ್ತದೆ.

ಕ್ರೂಸಿನ ಬಣ್ಣದ ಪುಸ್ತಕದಲ್ಲಿ ಬರೆದ ಒಂದೊಂದು ಸೌಕರ್ಯವನ್ನೂ ಭಾವನಿಗೆ ಓದಿ ಹೇಳಿದೆ. ಎಲ್ಲಕ್ಕೂ ಅವನು ‘ನಮ್ಮಲ್ಲೂ ಉಂಟಲ್ಲ’ ಅನ್ನುತ್ತಾ ಹೋದ.

ಸುತ್ತಲೂ ನೀರು. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲೂ ಉಂಟಲ್ಲ. ಇಂಟರ್‌ನೆಟ್ ಒಮ್ಮೊಮ್ಮೆ ಕೈಕೊಡುತ್ತದೆ, ಸಿಕ್ಕರೂ ದುಬಾರಿ. ಉಂಟಲ್ಲ. ಮನಸ್ಸು ಬಂದಾಗ ಇಳಿದು ಹೋಗುವ ಹಾಗಿಲ್ಲ. ದೇವಿಮನೆ ಘಾಟಿ ಎಷ್ಟು ಸಲ ಬಂದ್ ಆಗಿಲ್ಲ, ಉಂಟಲ್ಲ. ರಾತ್ರಿ ಕ್ಯಾಬಿನ್ನಿನಲ್ಲಿ ಪೂರ್ತಿ ಕತ್ತಲೆ, ನಿಶ್ಶಬ್ದ. ಕರೆಂಟಿನವರ ದಯೆಯಿಂದ ಉಂಟಲ್ಲ. ಇಡೀ ದಿನ ಅದೇ ಮುಖಗಳು. ಉಂಟಲ್ಲ, ಉಂಟಲ್ಲ.

ಒಂದು ಕಡೆ ಮಾತ್ರ ಭಾವ ತಡೆದ. ‘ದಿನದ 24 ಗಂಟೆಯೂ ಡಾಕ್ಟರು’ ಅಂತ ಬಂತು. ಹಡಗಿನಲ್ಲಿ ಡಾಕ್ಟರು, ನರ್ಸು, ಹಾಸಿಗೆ, ಹೃದಯದ ಬಡಿತ ನೋಡುವ ಯಂತ್ರ. ಫೀಸು ಕೇಳಿದರೆ ಮತ್ತೆ ಅದೇ ಯಂತ್ರ ಬೇಕಾಗುತ್ತದೆ, ಅದು ಬೇರೆ ಮಾತು. ಪರಿಸ್ಥಿತಿ ಕೈಮೀರಿದರೆ ಹೆಲಿಕಾಪ್ಟರು. ಅದಕ್ಕೇ ಇನ್ಶೂರೆನ್ಸ್ ಮಾಡಿಸದೆ ಹತ್ತಬೇಡಿ ಅನ್ನುತ್ತಾರೆ. ಭಾವ ಸುಮಾರು ಹೊತ್ತು ಸುಮ್ಮನಿದ್ದ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಾರೆ. ಆ ಗಂಟಲು ತೋರಿಸುವುದಕ್ಕೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ‘ಹಾಗಾದ್ರೆ ಎದೆನೋವು ಬರೋದಿದ್ರೆ ನಡು ಸಮುದ್ರದಲ್ಲೇ ಬರಲಿ’ ಅಂದ ಭಾವ. ಪ್ರವಾಸಕ್ಕೆ ಅವನು ಒಪ್ಪಿದ್ದು ಆ ಗಳಿಗೆಯಲ್ಲಿ.

ಅಕ್ಕ ಒಪ್ಪಲಿಲ್ಲ. ‘ಮಕ್ಕ ಇಲ್ದಿದ್ ಜಾಗಕ್ಕೆ ಹೋಪಲೆ ದುಡ್ಡು ಕೊಡವಾ?’ ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ, ಬಣ್ಣದ ಪುಸ್ತಕದಲ್ಲೂ ಇರಲಿಲ್ಲ. ಆದರೆ ಟಿಕೆಟಿನ ದುಡ್ಡು ವಾಪಸ್ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಬ್ಯಾಗು ಕಟ್ಟಿದಳು. ನಮ್ಮವರನ್ನು ಲೋಕ ಸುತ್ತಿಸಬೇಕೆಂದರೆ ವಾಪಸ್ ಬರದ ಟಿಕೆಟ್ಟೇ ಮದ್ದು.

ಕಾಗದಪತ್ರದ ಕಷ್ಟ ಹೇಳಿ ಪೂರೈಸುವುದಿಲ್ಲ. ಪಾಸ್‌ಪೋರ್ಟಿಗೆ ಇನ್ನೂ ಸಾಕಷ್ಟು ಆಯುಷ್ಯ ಇರಬೇಕು. ಇಂಗ್ಲೆಂಡಿನ ವೀಸಾ ಬೇರೆ, ನಾರ್ವೆಯ ದಡ ಮುಟ್ಟುವುದಕ್ಕೆ ಷೆಂಗೆನ್ ವೀಸಾ ಬೇರೆ. ಅಜ್ಜ-ಅಜ್ಜಿ ಮೊಮ್ಮಗನಿಂದ ಒಂದು ವಾರ ದೂರ ಇರುವುದಕ್ಕೆ ಎರಡು ಸರ್ಕಾರಗಳ ಅನುಮತಿ ಬೇಕಾಯಿತು. ಇಲ್ಲಿ ಅಂಥದ್ದಕ್ಕೆ ಬೆಂಗಳೂರಿನ ಒಂದು ಕೆಲಸ ಸಾಕು.

ಹಡಗು ಹತ್ತಿದ ಮೇಲೆ ಮೊದಲ ಕೆಲಸ ಅಪಾಯದ ತಾಲೀಮು. 2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಅದರ ನಂತರ ಈ ನಿಯಮ ಬಿಗಿಯಾಯಿತು. ತಾಲೀಮು ಮುಗಿಯದೆ ಹಡಗು ಹೊರಡುವುದಿಲ್ಲ. ಭಾವನಿಗೆ ಇದು ಬಹಳ ಹಿಡಿಸಿತಂತೆ. ನಮ್ಮ ಕಡೆ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕುವುದು ಫೋಟೊಕ್ಕೆ, ತೆಗೆಯುವುದು ಸೆಕೆಗೆ.

ಕ್ಯಾಸಿನೊದ ಬಾಗಿಲು ದಡ ಬಿಟ್ಟ ಮೇಲೆಯೇ ತೆರೆಯುವುದು ಅಂತಲೂ ಅಲ್ಲಿ ತಿಳಿಯಿತು. ದೀಪಾವಳಿಗೆ ಇಸ್ಪೀಟು ಆಡಿ ಸಿಕ್ಕಿಬಿದ್ದ ನಮ್ಮೂರ ಹಿರಿಯರ ಹೆಸರು ಪೇಪರಿನಲ್ಲಿ ಬರುತ್ತದೆ. ಪಾಪ, ತಪ್ಪು ಇಸ್ಪೀಟಿನದ್ದಲ್ಲ, ನೆಲದ್ದು. ಒಂದು ರಾತ್ರಿ ಎಲ್ಲರೂ ಕೋಟು-ಟೈ ಹಾಕಿ ಊಟಕ್ಕೆ ಬರಬೇಕಿತ್ತಂತೆ. ಆಯಾ ದೇಶದ ಉಡುಪೂ ನಡೆಯುತ್ತದೆ ಅಂತ ನಾನು ಮೊದಲೇ ಹೇಳಿದ್ದೆ. ಭಾವ ಪಂಚೆ ಉಟ್ಟು ಶಲ್ಯ ಹೊದ್ದು ಹೋದ. ಯಾರೋ ಮುದುಕಿ ಕೈ ಕುಲುಕಿ ನೀವು ಯಾವ ದೇಶದ ರಾಯಭಾರಿ ಅಂತ ಕೇಳಿದಳಂತೆ. ಶಿರಸಿಯದ್ದು ಅಂದನಂತೆ.

ನಾರ್ವೆಯ ಫ್ಯೋರ್ಡ್ ನೋಡಿ ಏನನ್ನಿಸಿತು ಅಂತ ಕೇಳಿದೆ. ಎತ್ತರದ ಗುಡ್ಡಗಳ ನಡುವೆ ಸಮುದ್ರ ಒಳಗೆ ಹೊಕ್ಕಿರುತ್ತದೆ, ಹಡಗು ಅದರೊಳಗೆ ಮೆಲ್ಲಗೆ ಹೋಗುತ್ತದೆ, ಎರಡೂ ಕಡೆ ಜಲಪಾತ. ಜನ ಕಂಬಳಿ ಹೊದ್ದು ಡೆಕ್ಕಿನಲ್ಲಿ ಕೂತು ಕಣ್ಣೀರು ಹಾಕುತ್ತಾರೆ. ಭಾವ ಉಂಚಳ್ಳಿಯ 116 ಮೀಟರ್ ನೆನಪಿಸಿಕೊಂಡು ಕೂತಿದ್ದ. ‘ಚಂದ ಇದ್ದು. ಆದರೆ ಅಲ್ಲಿ ಅಡಿಕೆ ಬೆಳೆಯೂದಿಲ್ಲೆ’ ಅಂತ ತೀರ್ಪು ಕೊಟ್ಟ.

ಆ ‘ಎ’ ಸರ್ಟಿಫಿಕೇಟಿನ ಹಡಗಿನ ರಾತ್ರಿಗಳ ಬಗ್ಗೆ ತಿಳಿಯುವ ಕುತೂಹಲ ನನಗಿತ್ತು. ಕೇಳಿಯೇ ಬಿಟ್ಟೆ. ಸಂಜೆ ರಸಪ್ರಶ್ನೆ, ಬಿಂಗೊ, ಕುಣಿಯುವುದನ್ನು ಕಲಿಸುವ ತರಗತಿ. ಹತ್ತು ಗಂಟೆಗೆ ಅರ್ಧ ಹಡಗು ಗೊರಕೆ. ಊಟದ ಮೇಜಿನಲ್ಲಿ ಇವರ ಜೊತೆ ಮೂರು ಇಂಗ್ಲಿಷ್ ಜೋಡಿ. ಮೊದಲ ದಿನ ಎಲ್ಲರೂ ಒಂದೇ ಮಾತು: ಮಕ್ಕಳಿಲ್ಲದೆ ಎಷ್ಟು ಹಾಯಾಗಿದೆ ಅಲ್ವಾ? ಎರಡನೇ ದಿನ ಒಬ್ಬಳು ಮೊಬೈಲು ತೆಗೆದು ಮೊಮ್ಮಗಳ ಫೋಟೊ ತೋರಿಸಿದಳು. ಹಲ್ಲು ಬಿದ್ದದ್ದು. ಮೂರನೇ ದಿನ ಎಲ್ಲರ ಮೊಬೈಲೂ ಮೇಜಿನ ಮೇಲೆ. ನಾಲ್ಕನೇ ದಿನದಿಂದ ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬರತೊಡಗಿದರಂತೆ. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ವಾರ ಮುಗಿಯುವಷ್ಟರಲ್ಲಿ ಹತ್ತು ಇಂಗ್ಲಿಷ್ ಮಕ್ಕಳ ಹೆಸರು, ವಯಸ್ಸು, ಯಾರಿಗೆ ಶೇಂಗಾ ಆಗುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ.

ಇವರು ಇಳಿಯುವಾಗ ಬಂದರಿಗೆ ಮಗ ಒಬ್ಬನೇ ಬಂದಿದ್ದ. ಮೊಮ್ಮಗನಿಗೆ ಅವತ್ತು ಶಾಲೆ.

ಊರಿಗೆ ಬಂದ ಭಾವನ ತಲೆಯಲ್ಲಿ ಒಂದು ವ್ಯಾಪಾರದ ಹುಳ ಹೊಕ್ಕಿತು. ಶಾಂತಿಗೆ ಅಷ್ಟು ಬೆಲೆ ಇದ್ದರೆ ನಮ್ಮ ಊರಿನಲ್ಲಿ ಅದು ಮೂಟೆಗಟ್ಟಲೆ ಕೊಳೆಯುತ್ತಿದೆಯಲ್ಲ. ಬೀಗ ಹಾಕಿದ ಮನೆಗಳಿವೆ. ಹೋಂಸ್ಟೇ ಮಾಡೋಣ ಅಂದ. ಶಿರಸಿ ಪೇಟೆಗೆ ಹೋಗಿ ಬೋರ್ಡು ಬರೆಸಿಯೂ ತಂದ. ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ: ‘ವಯಸ್ಕರಿಗೆ ಮಾತ್ರ. ಮಕ್ಕಳಿಗೆ ಪ್ರವೇಶವಿಲ್ಲ.’ ದಣಪೆಯ, ಅಂದರೆ ಬೇಲಿಬಾಗಿಲಿನ, ಪಕ್ಕದ ಹಲಸಿನ ಮರಕ್ಕೆ ಮೊಳೆ ಹೊಡೆದ. ಮಾರನೆಯ ದಿನವೇ ಇಬ್ಬರು ಬೈಕಿನ ಹುಡುಗರು ಬಂದು, ಸಿನೆಮಾ ಎಷ್ಟು ಗಂಟೆಗೆ ಅಂತ ಕೇಳಿ ಹೋದರಂತೆ.

ಮೊನ್ನೆ ನಾನು ಹೋದಾಗ ಮರದಲ್ಲಿ ಮೊಳೆ ಮಾತ್ರ ಇತ್ತು. ಬೋರ್ಡು ಎಲ್ಲಿ ಅಂತ ಕೇಳಿದೆ. ಅಕ್ಕ ತೆಗೆಸಿ ಬಚ್ಚಲ ಒಲೆಯ ಹತ್ತಿರ ಮಗುಚಿ ಹಾಕಿದ್ದಾಳೆ, ಅದರ ಮೇಲೆ ಸೌದೆ. ‘ಮಾರಿಕಾಂಬೆ ಜಾತ್ರೆಗೆ ಬತ್ತಿ ಹೇಳಿದ್ದ ಮಾಣಿ, ಮಗನ್ನ ಕರ್ಕಂಡು,’ ಅಂದಳು. ‘ಆ ಹುಡುಗ ಈಗ ಕನ್ನಡ ಓದೂಲೆ ಕಲೀತಾ ಇದ್ನಡ. ದಣಪೆ ಹತ್ರ ನಿಂತ್ಕಂಡು ಓದಿ ಅಲ್ಲಿಂದ್ಲೇ ವಾಪಸ್ ಹೋದ್ರೆ?’