ಬೊಚ್ಚುಬಾಯಿ ಎರಡು, ಗಜ್ಜರಿ ಒಂದು

ಕಳೆದ ನವೆಂಬರಿನಲ್ಲಿ ಕೊಪ್ಪಳದ ನಮ್ಮ ಮನೆಯಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಬಾಯಿಗಳಿಗೆ ಅಗಿಯುವ ಪಾಠ ಆರಂಭವಾಯಿತು. ಒಂದು ಬಾಯಿ 6 ತಿಂಗಳು ತುಂಬಿದ ನನ್ನ ಮೊಮ್ಮಗಳದು. ಇನ್ನೊಂದು, 65 ತುಂಬಿ, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ಕಟ್ಟಿಸಿಕೊಂಡು ಬಂದ ನಿವೃತ್ತ ಹೈಸ್ಕೂಲು ಮಾಸ್ತರನಾದ ನನ್ನದು. ಮಕ್ಕಳ ಡಾಕ್ಟರು ಹೇಳಿದ್ದನ್ನೆಲ್ಲ ಮಗಳು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು. ಹಲ್ಲಿನ ಡಾಕ್ಟರು ಹೇಳಿದ್ದನ್ನು ನಾನೂ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಎರಡೂ ಹಾಳೆಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಕ್ಕಪಕ್ಕ ಅಂಟಿಸಿದೆವು. ತಾಪತ್ರಯ ಅಲ್ಲಿಂದಲೇ ಶುರುವಾಯಿತು.

ನನ್ನ ಹಾಳೆಯಲ್ಲಿ "ಮೆತ್ತಗಿನದು, ಸಣ್ಣ ಸಣ್ಣ ತುಂಡು, ಎರಡೂ ದವಡೆಯಲ್ಲಿ ಸಮನಾಗಿ ಅಗಿಯಬೇಕು" ಎಂದಿತ್ತು. ಕೂಸಿನ ಹಾಳೆಯಲ್ಲಿ "ಮೆತ್ತಗಿನದು, ದೊಡ್ಡವರ ಬೆರಳಿನಷ್ಟು ಉದ್ದದ ತುಂಡು" ಎಂದಿತ್ತು. ನನ್ನ ಹೆಂಡತಿ ಎರಡನ್ನೂ ಎರಡೆರಡು ಸಲ ಓದಿ, "ಚೀಟಿ ಅದಲಬದಲ ಆಗ್ಯಾವು ನೋಡ್ರಿ. ಕೂಸಿಗೆ ಸಣ್ಣದು, ನಿಮಗ ಉದ್ದಂದು ಇರಬೇಕು" ಎಂದು ತೀರ್ಪು ಕೊಟ್ಟಳು. ನನಗೂ ಹಾಗೆಯೇ ಅನ್ನಿಸಿತ್ತು. ಮಗಳು ಕೂಸಿನ ಮುಷ್ಟಿಯನ್ನೇ ಕರಿಹಲಗೆಯಾಗಿ ಮಾಡಿಕೊಂಡು ನಮ್ಮಿಬ್ಬರಿಗೂ ಪಾಠ ಹೇಳಿದಳು: ಈ ವಯಸ್ಸಿನ ಮಗು ಯಾವುದನ್ನೇ ಆಗಲಿ ಇಡೀ ಅಂಗೈಯಿಂದ ಬಾಚಿ ಹಿಡಿಯುತ್ತದೆ, ಬೇಕೆಂದಾಗ ಮುಷ್ಟಿ ಬಿಚ್ಚುವುದು ಅದಕ್ಕಿನ್ನೂ ಚೆನ್ನಾಗಿ ಬಾರದು, ಆದ್ದರಿಂದ ಮುಷ್ಟಿಯಿಂದ ಹೊರಗೆ ಚಾಚಿಕೊಂಡ ಭಾಗ ಮಾತ್ರ ಅದರ ಬಾಯಿಗೆ ಸಿಗುತ್ತದೆ. ಹೆಬ್ಬೆರಳು ತೋರುಬೆರಳು ಕೂಡಿಸಿ ಕಾಳು ಹೆಕ್ಕುವ ಜಾಣ್ಮೆ ಬರುವುದು 9 ತಿಂಗಳ ಸುಮಾರಿಗೆ. ಸಣ್ಣ ತುಂಡುಗಳ ಕಾಲ ಆಗ. ಹೆಂಡತಿ ಒಪ್ಪಿಕೊಂಡಂತೆ ತಲೆಯಾಡಿಸಿದಳಾದರೂ ಚೀಟಿಯ ಮೇಲಿನ ಸಂಶಯವನ್ನು ಬಿಟ್ಟುಕೊಡಲಿಲ್ಲ.

ಎದೆಹಾಲು ಎಂದಿನಂತೆಯೇ ಮುಂದುವರಿಯಿತು. ಹೆಸರುಬೇಳೆ ಅನ್ನವನ್ನು ಕಿವುಚಿ ಉಣಿಸುವುದೂ ಇತ್ತು. ಹೊಸದಾಗಿ ಬಂದದ್ದು ಗಜ್ಜರಿ. ಅದನ್ನು ಬೆರಳುದ್ದಕ್ಕೆ ಸೀಳಿ, ಹಬೆಯಲ್ಲಿ ಬೇಯಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೆಣ್ಣೆಯಂತೆ ನುರಿಯುತ್ತದೆಯೋ ಇಲ್ಲವೋ ಎಂದು ನೋಡಿದ ಮೇಲೆಯೇ ಕೂಸಿನ ಮುಂದಿಡಬೇಕು. ಹಲ್ಲೇ ಇಲ್ಲದ ಬಾಯಿ ಅದನ್ನು ಅಗಿಯುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಮಗಳು, ದವಡೆಹಲ್ಲು ಬರುವುದು ವರ್ಷ ತುಂಬಿದ ಮೇಲೆ, ಅಲ್ಲಿಯವರೆಗೆ ಒಸಡೇ ಬೀಸುವ ಕಲ್ಲು ಎಂದಳು. ಹಲ್ಲು ಕೀಳಿಸಿದಂದಿನಿಂದ ಹೊಸ ಸೆಟ್ಟು ಬರುವವರೆಗಿನ ತಿಂಗಳುಗಳಲ್ಲಿ ಬರಿಯ ಒಸಡಿನಿಂದ ಉಪ್ಪಿಟ್ಟು, ಮೆತ್ತನೆಯ ರೊಟ್ಟಿ, ಒಮ್ಮೆ ಕದ್ದುಮುಚ್ಚಿ ಒಂದು ಮಿರ್ಚಿ ಭಜಿಯನ್ನೂ ಮುಗಿಸಿದ್ದ ನಾನು ಈ ಮಾತಿಗೆ ಎದುರಾಡುವಂತಿರಲಿಲ್ಲ.

ಉಣ್ಣಲು ಕೂಸನ್ನು ಕೂರಿಸುವ ವಿಷಯದಲ್ಲಿ ಮಾತ್ರ ಅಜ್ಜಿಗೂ ತಾಯಿಗೂ ಎರಡು ದಿನ ಮಾತು ನಿಂತಿತ್ತು. ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಗುಟುಕು ಹಾಕಿ ಮೂರು ಮಕ್ಕಳನ್ನು ಬೆಳೆಸಿದವಳು ನನ್ನ ಹೆಂಡತಿ. ಮಗಳೋ, ಕೂಸು ನೆಟ್ಟಗೆ ಕೂತಿರಬೇಕು, ಪಾದಗಳಿಗೆ ಆಧಾರವಿರಬೇಕು, ಮಲಗಿದ ಬಾಯಿಗೆ ತುಂಡು ಹಾಕುವ ಮಾತೇ ಇಲ್ಲ ಎನ್ನುವವಳು. ಕೊನೆಗೆ ಒಂದು ಎತ್ತರದ ಕುರ್ಚಿ ಬಂತು, ಅದರಲ್ಲಿ ಕಾಲು ಜೋತಾಡುತ್ತವೆಂದು ಕೆಳಗೆ ಊಟದ ಮಣೆ ಬಂತು. ಜೇನುತುಪ್ಪವೂ ಅದೇ ವಾರ ಕಪಾಟಿನ ಮೇಲಿನ ಹಲಗೆಗೆ ಏರಿತು, ಏಕೆಂದರೆ ವರ್ಷದೊಳಗಿನ ಕೂಸಿಗೆ ಅದರಿಂದ ನರಗಳನ್ನು ಸೋಲಿಸುವ ಬೇನೆ ತಗುಲುವ ಭಯವಿದೆ. ಉಪ್ಪಿಗೂ ವರ್ಷದ ಮಟ್ಟಿಗೆ ರಜೆ, ಸಕ್ಕರೆಗೆ ಎರಡು ವರ್ಷ.

ಅಗಿಯುವುದನ್ನು ಕಲಿಸುವ ಹೊಣೆ ಬಿದ್ದದ್ದು ನನ್ನ ತಲೆಗೆ. ಹಾಲು ಕುಡಿದು ಬೆಳೆದ ನಾಲಿಗೆಗೆ ಗೊತ್ತಿರುವುದು ಮುಂದಕ್ಕೂ ಹಿಂದಕ್ಕೂ ಓಡಾಡುವುದಷ್ಟೇ. ತುಂಡನ್ನು ಅಡ್ಡಕ್ಕೆ ಸರಿಸಿ ದವಡೆಯ ಮೇಲೆ ಇಡುವುದನ್ನು ಅದು ಕಲಿಯಬೇಕು. ಅದಕ್ಕಾಗಿ ಗಜ್ಜರಿಯ ತುದಿಯನ್ನು ಬಾಯಿಯ ನಟ್ಟನಡುವೆ ಅಲ್ಲ, ಪಕ್ಕದ ಒಸಡಿಗೆ ತಾಗುವಂತೆ ಹಿಡಿಯಬೇಕು, ಎದುರಿಗೆ ಒಬ್ಬರು ಕೂತು ದವಡೆ ದೊಡ್ಡದಾಗಿ ಆಡಿಸಿ ಅಗಿದು ತೋರಿಸಬೇಕು. ಬಾಯಿ ಮುಚ್ಚಿಕೊಂಡು ಉಣ್ಣಿರಿ ಎಂದು 32 ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವನು ಬಾಯಿ ತೆರೆದು ಎಮ್ಮೆ ಮೆಲುಕು ಹಾಕಿದಂತೆ ಅಗಿಯಲು ಕೂತೆ. ಮೂರನೆಯ ಸಲ ದವಡೆ ಇಳಿಸಿದಾಗ ಕೆಳಗಿನ ಸೆಟ್ಟು ಗಜ್ಜರಿಯ ಸಮೇತ ಜಾರಿ ತಟ್ಟೆಗೆ ಬಿತ್ತು. ಕೂಸು ಒಂದು ಕ್ಷಣ ಬೆರಗಾಗಿ ನೋಡಿ, ಹಲ್ಲುಗಳತ್ತ ಎರಡೂ ಕೈ ಚಾಚಿ, ಕೊಡಲಿಲ್ಲವೆಂದು ಮನೆ ಹಾರಿಹೋಗುವಂತೆ ಅತ್ತಿತು. ಮುಂದಿನ ಕೆಲವು ದಿನ ನಾನು ಎದುರಿಗೆ ಕೂತೊಡನೆ ಅದು ಗಜ್ಜರಿಯನ್ನು ಬಿಟ್ಟು ನನ್ನ ಬಾಯಿಯನ್ನೇ ಕಾಯುತ್ತಿತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ ಕೂಸು ಗಜ್ಜರಿಯ ತುದಿಯನ್ನು ಒಸಡಿನಿಂದ ಮುರಿದುಕೊಂಡಿತು. ಮುರಿದ ತುಂಡು ನಾಲಿಗೆಯ ಮೇಲೆ ಸ್ವಲ್ಪ ಹಿಂದಕ್ಕೆ ಸರಿದದ್ದೇ ತಡ, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ನಾಲಿಗೆ ಹೊರಬಿತ್ತು, "ವ್ಯಾಕ್ ವ್ಯಾಕ್" ಎಂಬ ಸದ್ದು ಪಡಸಾಲೆಯವರೆಗೂ ಕೇಳಿತು. "ನೆತ್ತಿಗೆ ಹತ್ತೇತಿ, ನೆತ್ತಿಗೆ ಹತ್ತೇತಿ! ಯಾರೋ ನೆನಸಾಕತ್ಯಾರ!" ಎಂದು ಹೆಂಡತಿ ಕೂಸಿನ ತಲೆ ತಟ್ಟಲು ಓಡಿ ಬಂದಳು. ನಾನು ಬೆರಳು ಹಾಕಿ ತುಂಡು ತೆಗೆಯಲು ಹೋದೆ. "ಅಪ್ಪಾಜಿ, ಬೆರಳು ಹಾಕಬ್ಯಾಡ್ರಿ! ಸದ್ದು ಮಾಡಾಕತ್ತೈತಿ, ಬಿಡ್ರಿ" ಎಂದು ಮಗಳು ನಮ್ಮಿಬ್ಬರನ್ನೂ ತಡೆದು ನಿಂತಳು. ಕೂಸು ತುಂಡನ್ನು ತಾನೇ ಮುಂದಕ್ಕೆ ನೂಕಿ, ಗದ್ದದ ಮೇಲೆ ಇಳಿಸಿ, ಏನೂ ಆಗದಂತೆ ಮತ್ತೆ ಗಜ್ಜರಿಗೆ ಕೈಯಿಟ್ಟಿತು. ಬೆವರಿದ್ದವರು ನಾವು ಮೂವರೇ.

ಎಳೆಗೂಸಿಗೆ ಈ ಓಕರಿಕೆಯ ಗುಂಡಿ ನಾಲಿಗೆಯ ಮೇಲೆ ನಮಗಿಂತ ಬಹಳ ಮುಂದಕ್ಕೇ ಇರುತ್ತದೆ, ಆದ್ದರಿಂದ ತುಂಡು ಗಂಟಲಿನಿಂದ ಎಷ್ಟೋ ದೂರವಿರುವಾಗಲೇ ಕಾವಲುಗಾರ ಬೊಬ್ಬೆ ಹಾಕುತ್ತಾನೆ. ಕೂಸು ಬೆಳೆದಂತೆ ಅದು ಹಿಂದಕ್ಕೆ ಸರಿಯುತ್ತದೆ. ನಾವು ಬೆರಳು ಹಾಕಿದರೆ ಮುಂದೆ ಬರುತ್ತಿರುವ ತುಂಡು ಒಳಗೆ ಹೋಗುವ ಅಪಾಯವೇ ಹೆಚ್ಚು. ಹೆದರಬೇಕಾದದ್ದು ಸದ್ದಿಗಲ್ಲ, ಸದ್ದಿಲ್ಲದಿರುವುದಕ್ಕೆ: ನಿಜವಾಗಿ ಉಸಿರುಗಂಟಲಿಗೆ ಸಿಕ್ಕಿಕೊಂಡರೆ ಕೂಸು ಕೆಮ್ಮಲಾರದು, ಅಳಲಾರದು, ತುಟಿ ನೀಲಿಗಟ್ಟುತ್ತದೆ. ಇದು ಮಾಸ್ತರನಾದ ನನಗೆ ತಟ್ಟನೆ ಅರ್ಥವಾಯಿತು. ಗದ್ದಲವಿರುವ ತರಗತಿಯ ಬಗ್ಗೆ ನಾನೆಂದೂ ಚಿಂತಿಸಿದವನಲ್ಲ. ಪಕ್ಕದ ಕೋಣೆಯಲ್ಲಿ ಎಂಟನೆಯ ಇಯತ್ತೆಯವರು ಗಪ್‌ಚಿಪ್ಪಾದರೆಂದರೆ ಸೀಮೆಸುಣ್ಣ ಕೆಳಗಿಟ್ಟು ಓಡುತ್ತಿದ್ದೆ.

ಹಾಗೊಮ್ಮೆ ಆದರೆ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲ ಕಲಿಯಲೇಬೇಕೆಂದು ಮಗಳು ಪಟ್ಟು ಹಿಡಿದಳು. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಮೈಗಿಂತ ಕೆಳಗಿರುವಂತೆ ದವಡೆಗೆ ಆಧಾರ ಕೊಟ್ಟು, ಬೆನ್ನಿನ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಗಟ್ಟಿಯಾಗಿ ಬಡಿಯಬೇಕು. ಹೊರಬೀಳದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯದಲ್ಲಿ 5 ಸಲ ಒತ್ತಬೇಕು. ತುಂಡು ಬರುವವರೆಗೆ ಇವೆರಡನ್ನೂ ಸರದಿಯಂತೆ ಮಾಡುತ್ತಿರಬೇಕು, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನು ಹಚ್ಚಬೇಕು. ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಮಾತ್ರ ಒತ್ತಬಾರದು. ಬೆಳಗಿನ ಬಿಸಿಲಿಗೆ ಕಟ್ಟೆಯ ಮೇಲೆ ಕೂತು ನಾನು ಅರಿವೆಯ ಗೊಂಬೆಯ ಮೇಲೆ ಇದನ್ನು ಅಭ್ಯಾಸ ಮಾಡುತ್ತಿದ್ದೆ. ಎದುರು ಮನೆಯ ಅಜ್ಜಿ ಕಸಬರಿಗೆ ಹಿಡಿದುಕೊಂಡೇ ದಾಟಿ ಬಂದರು.

"ಅಯ್ಯಯ್ಯ ಮಾಸ್ತರ್ರ, ಕೂಸಿಗ್ಯಾಕ ಹೊಡಿಯಾಕತ್ತೀರಿ!"

"ಕೂಸಲ್ರೀ ಅಮ್ಮಾ, ಗೊಂಬಿ."

"ಗೊಂಬಿಗಾದ್ರೂ ಯಾಕ್ರಿ? ರಿಟೈರ ಆದ ಮ್ಯಾಲೂ ಹೊಡಿಯೋ ಚಟ ಬಿಡಲಿಲ್ಲ ನೋಡ್ರಿ ನಿಮಗ."

ಅವರ ಮಗ ನನ್ನ ಶಿಷ್ಯ. ಆದ್ದರಿಂದ ಆ ಮಾತಿಗೆ ಉತ್ತರ ಕೊಡುವ ನೈತಿಕ ಬಲ ನನಗಿರಲಿಲ್ಲ.

ಗಜ್ಜರಿಯ ಬೆನ್ನಿಗೆ ಗೆಣಸು, ಕುಂಬಳ, ಪಪ್ಪಾಯಿ ಬಂದವು. ಮುಷ್ಟಿಯಿಂದ ಮೀನಿನಂತೆ ಜಾರುತ್ತಿದ್ದ ಪಪ್ಪಾಯಿಯ ಹೋಳನ್ನು ಹುರಿದ ರಾಗಿಹಿಟ್ಟಿನಲ್ಲಿ ಹೊರಳಿಸಿದರೆ ಹಿಡಿತ ಸಿಗುತ್ತದೆಂಬುದು ಹೆಂಡತಿಯ ಸ್ವಂತ ಸಂಶೋಧನೆ, ಮತ್ತು ಅದನ್ನು ಆಕೆ ಓಣಿಯಲ್ಲೆಲ್ಲ ಸಾರಿದ್ದಾಳೆ. ಕಡಕ್ ರೊಟ್ಟಿಯ ತುಂಡೊಂದನ್ನು ಕಡಿಯಲು ಕೊಡೋಣ, ಒಸಡು ಗಟ್ಟಿಯಾಗುತ್ತದೆ ಎಂಬ ಆಕೆಯ ಇನ್ನೊಂದು ಸಲಹೆ ಮಾತ್ರ ಬಿದ್ದುಹೋಯಿತು, ಏಕೆಂದರೆ ಅದು ಚೂಪಾದ ಚೂರುಗಳಾಗಿ ಮುರಿಯುತ್ತದೆ. ಬದಲಿಗೆ ಬಿಸಿ ರೊಟ್ಟಿಯನ್ನು ಉಪ್ಪು ಖಾರವಿಲ್ಲದ ಬೇಳೆಕಟ್ಟಿನಲ್ಲಿ ನೆನೆಸಿ ಕೊಟ್ಟೆವು.

ಜನವರಿಯಲ್ಲಿ ಗವಿಮಠದ ಜಾತ್ರೆ ಬಂತು, ಜಾತ್ರೆಯೊಂದಿಗೆ ಬೀಗರು ನೆಂಟರು ಬಂದರು. ನಮ್ಮ ಸೀಮೆಯಲ್ಲಿ ಬರಿಗೈಯಲ್ಲಿ ಕೂಸನ್ನು ನೋಡುವ ಪದ್ಧತಿಯಿಲ್ಲ. ಒಬ್ಬರ ಜೇಬಿನಿಂದ ಶೇಂಗಾ, ಇನ್ನೊಬ್ಬರ ಸೆರಗಿನ ಗಂಟಿನಿಂದ ಪುಟಾಣಿ, ಮತ್ತೊಬ್ಬರ ಚೀಲದಿಂದ ಗುಂಡುಗುಂಡನೆಯ ದ್ರಾಕ್ಷಿ ಹೊರಬಂದವು. ಕೂಸಿನ ಉಸಿರಿನ ಕೊಳವೆಗೆ ಬಿರಡೆ ಹಾಕಲೆಂದೇ ಅಳತೆ ಕೊಟ್ಟು ಮಾಡಿಸಿದಂತಿದ್ದವು ಎಲ್ಲವೂ. ಮಗಳು ನಗುನಗುತ್ತಲೇ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದಳು, ಶೇಂಗಾವನ್ನು ನುಣ್ಣಗೆ ಅರೆದು ಗಂಜಿಗೆ ಬೆರೆಸುವೆನೆಂದು ಒಳಗೊಯ್ದಳು, ಪುಟಾಣಿಯನ್ನು ನಾನು ತಿಂದೆ. ನನ್ನ ತಂಗಿ ತಂದ ಉತ್ತತ್ತಿ ಮಾತ್ರ ಸುಲಭಕ್ಕೆ ಬಗೆಹರಿಯುವಂಥದ್ದಾಗಿರಲಿಲ್ಲ. ಅದು ತೇರಿಗೆ ಎಸೆದದ್ದು, ಪ್ರಸಾದ. ಯಾರೂ ನೋಡದಿರುವಾಗ ಆಕೆ ಅದನ್ನು ಕೂಸಿನ ಕೈಗಿತ್ತಿದ್ದಳು. ಬಾಯಿಗೆ ಒಯ್ಯುವಷ್ಟರಲ್ಲಿ ಕಸಿದುಕೊಂಡೆ. ನೆಲಕ್ಕೆ ಇಡುವಂತಿಲ್ಲ, ತಂಗಿಯ ಎದುರು ಬೇಡವೆನ್ನುವಂತಿಲ್ಲ. ಕಣ್ಣಿಗೊತ್ತಿಕೊಂಡು ನನ್ನ ಬಾಯಿಗೇ ಹಾಕಿಕೊಂಡು ಭಕ್ತಿಯಿಂದ ಕಡಿದೆ.

ಟಕ್ಕೆಂದಿತು. ಕೆಳಸಾಲಿನ ಮುಂದಿನ ಹಲ್ಲೊಂದು ಸೆಟ್ಟಿನಿಂದ ಬೇರ್ಪಟ್ಟು, ಪುಟಿದು, ಜಮಖಾನದ ಮೇಲೆಲ್ಲೋ ಬಿತ್ತು.

ಶೇಂಗಾಕ್ಕಿಂತ ಸಣ್ಣದು, ಪುಟಾಣಿಗಿಂತ ಗಟ್ಟಿ, ಜಮಖಾನದ ಪಟ್ಟೆಯದೇ ಬಣ್ಣ. ಅದೇ ಜಮಖಾನದ ಮೇಲೆ ಆಗತಾನೆ ತೆವಳಲು ಕಲಿತ 8 ತಿಂಗಳ ಕೂಸು. ಹನ್ನೊಂದು ಜನ ಹಿರಿಯರು ಹಬ್ಬದ ಬಟ್ಟೆಯಲ್ಲಿ ಮೊಣಕಾಲೂರಿ ನೆಲ ಸವರತೊಡಗಿದರು. ಬೀಗರು ಸೋಫಾ ಎತ್ತಿದರು. ತಂಗಿ ಗವಿಸಿದ್ಧೇಶ್ವರನನ್ನು ನೆನೆಯುತ್ತ ಟಾರ್ಚು ಹಿಡಿದಳು. ಕೂಸನ್ನು ಮೊದಲು ಎತ್ತಿಕೊಳ್ಳಬೇಕೆಂಬುದು ಮಾತ್ರ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಒಳಗಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತು ಚೀರಿದಾಗ ನಾವೆಲ್ಲ ತಿರುಗಿ ನೋಡಿದೆವು. ಕೂಸು ಸಮಾಧಾನವಾಗಿ ಕೂತು, ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ, ಅಕ್ಕಸಾಲಿಗನು ಮುತ್ತು ಹಿಡಿದಂತೆ ನನ್ನ ಹಲ್ಲನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿತ್ತು.

ಹಲ್ಲು ಕೈಬದಲಾದ ಮೇಲೆ ಮಗಳು ಅಳಲೂ ಆರದೆ ನಗಲೂ ಆರದೆ, "ಚಿವುಟಿ ಹಿಡಿಯೋದು ಬಂತಲ್ಲ ಇದಕ್ಕ, ತಿಂಗಳು ಮೊದಲs!" ಎಂದಳು. ಮರುದಿನ ಬೆಳಿಗ್ಗೆ ನಾನು ಸೆಟ್ಟನ್ನು ಡಬ್ಬಿಯಲ್ಲಿಟ್ಟುಕೊಂಡು ಹಲ್ಲಿನ ಡಾಕ್ಟರ ಬಳಿಗೆ ಹೊರಟೆ. ದುರಸ್ತಿಯಾಗುವವರೆಗೆ ಮತ್ತೆ ಒಸಡೇ ಗತಿ. ಮಗಳು ಫ್ರಿಜ್ಜಿನ ಮುಂದೆ ನಿಂತು ಕೂಸಿನ ಹಾಳೆಯಲ್ಲಿ "ಬೆರಳುದ್ದ" ಎಂಬುದನ್ನು ಹೊಡೆದುಹಾಕಿ "ಸಣ್ಣ ಸಣ್ಣ ತುಂಡು" ಎಂದು ಬರೆಯುತ್ತಿದ್ದಳು. ಅಡುಗೆಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಇಬ್ಬರಿಗೂ ಆಗುವಷ್ಟು ಗಜ್ಜರಿ ಬೇಯಲಿಟ್ಟು ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, ಎರಡೂ ಹಾಳೆಗಳನ್ನು ಕನ್ನಡಕ ಏರಿಸಿಕೊಂಡು ಓದಿ, ಎರಡು ತಿಂಗಳ ವ್ಯಾಜ್ಯ ಗೆದ್ದವಳಂತೆ ನನ್ನತ್ತ ನೋಡಿದಳು.

"ಈಗ ಸರಿ ಆತು ನೋಡ್ರಿ ಚೀಟಿ."