ಟ್ಯಾಂಕ್ ದಪ್ಪ ಆದ್ರೆ ನೀರಿಗೇನು?

ಮಂಗಳೂರಲ್ಲಿ ಸಪ್ಪಗೆ ಬಿದ್ದುಕೊಂಡಿರುವ ಚಿಪ್ಸ್ ಪ್ಯಾಕೆಟ್ಟು ಶಿರಾಡಿ ಘಾಟಿ ಹತ್ತಿ ಬೆಂಗಳೂರು ಸೇರುವಷ್ಟರಲ್ಲಿ ತಲೆದಿಂಬಿನ ಹಾಗೆ ಉಬ್ಬಿರುತ್ತದೆ. ಒಳಗಿನ ಗಾಳಿ ಇದ್ದಷ್ಟೇ ಇದೆ, ಹೊರಗಿನ ಗಾಳಿ ಒತ್ತೋದು ಕಮ್ಮಿಯಾಗಿದೆ ಅಷ್ಟೆ. ಸಮುದ್ರದ ಪಕ್ಕ ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಗಾಳಿ ಸುಮಾರು 1 ಕೆಜಿ ಭಾರ ಹೇರುತ್ತದೆ. 900 ಮೀಟರ್ ಎತ್ತರದ ಬೆಂಗಳೂರಲ್ಲಿ ಅದರಲ್ಲಿ ಹತ್ತನೇ ಒಂದು ಭಾಗ ಕಡಿತ. ಮೇಲೆ ಹೋದಷ್ಟೂ ಈ ಭಾರ ಇಳಿಯುತ್ತದೆ ಅಂತ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್ 1648ರಲ್ಲೇ ಪರೀಕ್ಷೆ ಮಾಡಿಸಿದ್ದ. ಮಾಡಿಸಿದ್ದು ಮಾತ್ರ. ಗಾಳಿಯ ಒತ್ತಡ ಅಳೆಯೋ ಪಾದರಸದ ಕೊಳವೆ ಹೊತ್ತು ಪುಯ್ ದ ದೋಮ್ ಬೆಟ್ಟ ಹತ್ತಿದ್ದು ಅವನ ಅಕ್ಕನ ಗಂಡ, ಇವನು ಪ್ಯಾರಿಸ್ಸಿನಲ್ಲಿ ಆರಾಮಾಗಿದ್ದ. ನಮ್ಮ ಕಡೆ ಭಾವನಿಗೆ ಹೀಗೆ ಕೆಲಸ ಹೇಳಿದ್ರೆ ಮುಂದಿನ ಗೌರಿಹಬ್ಬಕ್ಕೆ ಅಕ್ಕ ಬರೋದೇ ಡೌಟು.

ಗಾಳಿ ಬಿಡಿ, ಅದಕ್ಕೆ ಬಾಡಿಗೆ ಇಲ್ಲ. ಗೋಳು ಹುಯ್ಕೊಳ್ಳೋದು ನೀರು. ನಾವಿರೋದು ಮೂರನೇ ಮಹಡಿ, ನೆತ್ತಿ ಮೇಲೇ ಟ್ಯಾಂಕು. "ಟ್ಯಾಂಕ್ ಪಕ್ಕದಲ್ಲೇ ಇದೆ, ನೀರು ಸಖತ್ ಫೋರ್ಸು" ಅಂತ ಮನೆ ತೋರಿಸುವಾಗ ಓನರ್ ಅಂದಿದ್ದರು. ಅಸಲಿಗೆ ಅದು ಉಲ್ಟಾ. 1 ಚದರ ಸೆಂಟಿಮೀಟರ್ ಅಗಲ, 1 ಮೀಟರ್ ಎತ್ತರದ ನೀರು ತೂಗೋದು 100 ಗ್ರಾಂ. ಟ್ಯಾಂಕಿನ ನೀರಿನ ಮಟ್ಟಕ್ಕಿಂತ ನಲ್ಲಿ ಎಷ್ಟು ಮೀಟರ್ ಕೆಳಗಿದೆಯೋ ಅಷ್ಟು ನೂರು ಗ್ರಾಂ ಒತ್ತಡ. ಗ್ರೌಂಡ್ ಫ್ಲೋರಿನವರಿಗೆ 1 ಕೆಜಿಗೂ ಜಾಸ್ತಿ, ಅವರ ಶವರ್ ಕೆಳಗೆ ನಿಂತರೆ ಬೆನ್ನು ಚುರುಗುಟ್ಟುತ್ತೆ. ನಮಗೆ ಇನ್ನೂರು, ಮುನ್ನೂರು ಗ್ರಾಂ, ಅದರಲ್ಲೂ ಪೈಪು ತನ್ನ ಪಾಲು ಮುರ್ಕೊಂಡು ಕೊಡುತ್ತೆ. ಸೋಪು ಹಚ್ಚಿಕೊಂಡ ಮೇಲೆ ಬಕೆಟ್ಟೇ ಗತಿ.

ಹೇಳಿ ಹೇಳಿ ಸಾಕಾದ ಮೇಲೆ ಓನರ್ ಒಂದು ದಿನ ಮನಸ್ಸು ಮಾಡಿದರು. "ಸಾವಿರ ಲೀಟರ್ ಟ್ಯಾಂಕಲ್ಲಿ ಎಲ್ಲಿಂದ ಫೋರ್ಸ್ ಬರ್ಬೇಕು ಹೇಳಿ? ಒಂದೂವರೆ ಸಾವಿರದ್ದು ಹಾಕಿಸ್ತೀನಿ, ಆಮೇಲೆ ನೋಡ್ತಾ ಇರಿ." ನೀರು ಎತ್ತರ ಮಾತ್ರ ನೋಡುತ್ತೆ, ಅಗಲ ಅದಕ್ಕೆ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳಿದ್ದನ್ನು ಅವರು, ಬಾಡಿಗೆ ತಡವಾದಾಗ ಕೇಳುವ ನೆಪಗಳ ಸಾಲಿಗೆ ಸೇರಿಸಿದರು ಅನ್ಸುತ್ತೆ. ಹೊಸ ಟ್ಯಾಂಕ್ ಬಂತು. ಎತ್ತರದಲ್ಲಿ ಹಳೇದಕ್ಕಿಂತ ಒಂದು ಗೇಣು ಜಾಸ್ತಿ, ಉಳಿದಿದ್ದೆಲ್ಲ ಹೊಟ್ಟೆ. "ತುಂಬಿದ್ರೆ ಒಂದೂವರೆ ಟನ್ನು ಸಾರ್, ಈ ಇಟ್ಟಿಗೆ ಕಟ್ಟೆ ತಡೆಯಲ್ಲ" ಅಂದ ಮೇಸ್ತ್ರಿ, ಮೂರಡಿ ಕಟ್ಟೆ ಒಡೆದು ಟ್ಯಾಂಕನ್ನು ಸೀದಾ ಸ್ಲ್ಯಾಬ್ ಮೇಲೆ ಕೂರಿಸಿ ಹೋದ. ಬಂದಿದ್ದು ಗೇಣು, ಹೋಗಿದ್ದು ಮೂರಡಿ. ಅವತ್ತಿಂದ ಶವರ್ ಬರೀ ಗೋಡೆ ಅಲಂಕಾರ.

ಇಷ್ಟರಲ್ಲಿ ಅಮ್ಮ ಊರಿಂದ ಬಂದಳು. ಬಾತ್‌ರೂಮಲ್ಲಿ ಇಲ್ಲದ ಪ್ರೆಶರ್ ಎಲ್ಲ ಅಡುಗೆಮನೆಯ ಕುಕ್ಕರಲ್ಲಿತ್ತು. ಕುಕ್ಕರಿನ ವೆಯ್ಟ್ ಹಿಡಿದಿಟ್ಟುಕೊಳ್ಳೋದು ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಜಾಸ್ತಿ ಒತ್ತಡ, ಅಂದರೆ ಹತ್ತು ಮೀಟರ್ ಎತ್ತರದ ಟ್ಯಾಂಕಿಗೆ ಸಮ. ಅದಕ್ಕೇ ತೆರೆದ ಪಾತ್ರೆಯಲ್ಲಿ 97 ಡಿಗ್ರಿಗೇ ಕುದಿಯುವ ಬೆಂಗಳೂರಿನ ನೀರು ಅದರೊಳಗೆ 120ರ ಹತ್ತಿರ ಹೋಗುತ್ತೆ, ಬೇಳೆ ಬೇಗ ಬೇಯುತ್ತೆ. ಆದರೆ ಮುಚ್ಚಳ 20 ಸೆಂಟಿಮೀಟರ್ ಅಗಲ ಇದ್ದರೆ ಅದನ್ನು ಒಳಗಿಂದ ತಳ್ಳೋದು 300 ಕೆಜಿ!

"ಏನಿದು, ಸೀಟಿನೇ ಬರ್ತಾ ಇಲ್ಲ" ಅಂದಳು ಅಮ್ಮ. ವೆಯ್ಟ್ ಕೆಳಗಿನ ತೂತಲ್ಲಿ ಬೇಳೆ ನೊರೆ ಸಿಕ್ಕಿಕೊಂಡಿತ್ತು. ಆವಿ ಬೇರೆ ದಾರಿ ಹುಡುಕಿತು. ಸೇಫ್ಟಿ ವಾಲ್ವ್ ತನ್ನ ಕೆಲಸ ತಾನು ಮಾಡಿತು, ಅರಿಶಿನ ಹಾಕಿದ ತೊಗರಿಬೇಳೆ ನೆಟ್ಟಗೆ ಮೇಲಕ್ಕೆ ಹೋಗಿ ಛಾವಣಿಗೆ ಅಂಟಿತು. ಯಾರಿಗೂ ಏನೂ ಆಗಲಿಲ್ಲ. ಉಜ್ಜಿ ತೊಳೆದರೂ ಹಳದಿ ಕಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆ ವಾರವೇ ಓನರ್ ಯಾವುದೋ ಕೆಲಸಕ್ಕೆ ಒಳಗೆ ಬಂದವರು ಕತ್ತೆತ್ತಿ ನೋಡಿ ಗಾಬರಿಯಾದರು. "ಅಯ್ಯೋ, ಟ್ಯಾಂಕ್ ಸ್ಲ್ಯಾಬ್ ಮೇಲೆ ಇಟ್ಟಿದ್ದಕ್ಕೇ ನೀರು ಇಳೀತಿದೆ ಕಣ್ರೀ!" ಅಮ್ಮ ಏನೋ ಹೇಳೋಕೆ ಬಾಯಿ ತೆರೆದಳು, ನನ್ನ ಹೆಂಡತಿ ಕೂಡಲೇ ಕಾಫಿ ಲೋಟ ಅವಳ ಕೈಗಿಟ್ಟಳು. ನಾಲ್ಕೇ ದಿನದಲ್ಲಿ ಆರಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಎದ್ದಿತು. ಈಗ ಶವರಿನ ಎಲ್ಲ ತೂತಲ್ಲೂ ನೀರು ಬರುತ್ತೆ.

ಕಲೆ ಹಾಗೇ ಇದೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಹೇಗೂ ಹಿಡ್ಕೋತಾರೆ, ಸುಮ್ನೆ ನಾವ್ಯಾಕೆ ಬಾಯಿ ಬಿಡೋದು ಅಲ್ವಾ?