ಇಂಡೆಂಟೇಶನ್ ಆಯ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಸಾಲದು

ತಂಡಕ್ಕೆ ಹೊಸದಾಗಿ ಕೋಡ್ ಫಾರ್ಮ್ಯಾಟರ್ (ಕೋಡಿನ ಸಾಲುಗಳನ್ನು ತಾನೇ ಒಪ್ಪವಾಗಿ ಜೋಡಿಸುವ ಸಾಧನ) ತರುವಾಗ ಬಹುತೇಕರು ಮಾಡುವುದಿಷ್ಟೇ: ಯಾವುದೋ ಪ್ರಾಜೆಕ್ಟಿನ ಕಾನ್ಫಿಗ್ ಫೈಲನ್ನು ಎತ್ತಿಕೊಂಡು, ಒಂದೆರಡು ಸಂಖ್ಯೆ ಬದಲಿಸಿ, ಮೊದಲೇ ಅಚ್ಚುಕಟ್ಟಾಗಿರುವ ಒಂದು ಫೈಲಿನ ಮೇಲೆ ಓಡಿಸಿ, ಸರಿಯಾಗಿದೆ ಎಂದು ಕಮಿಟ್ ಮಾಡುತ್ತಾರೆ. ಇದನ್ನು ಪರೀಕ್ಷೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ) ಆಯ್ಕೆಗಳು ಬಿಡಿಬಿಡಿಯಾಗಿ ಸಾಧುವಾಗಿಯೇ ಇರುತ್ತವೆ; ತಕರಾರು ಶುರುವಾಗುವುದು ಅವು ಒಂದರ ಜೊತೆಗೊಂದು ಸೇರಿದಾಗ.

ಸಿ++ ಕೋಡಿಗೆ ಬಳಸುವ ಕ್ಲ್ಯಾಂಗ್-ಫಾರ್ಮ್ಯಾಟನ್ನೇ ನೋಡೋಣ. ಅದರ ಎಲ್‌ಎಲ್‌ವಿಎಂ ಎಂಬ ಸಿದ್ಧ ಶೈಲಿಯಲ್ಲಿ ಇಂಡೆಂಟ್‌ವಿಡ್ತ್ (ಒಂದು ಹಂತಕ್ಕೆ ಬಿಡುವ ಜಾಗ) 2, ಟ್ಯಾಬ್‌ವಿಡ್ತ್ (ಒಂದು ಟ್ಯಾಬಿನ ಅಗಲ) 8, ಟ್ಯಾಬ್ ಬಳಕೆ ಇಲ್ಲವೇ ಇಲ್ಲ. ಇದರ ಮೇಲೆ ಯಾರಾದರೂ ಇಂಡೆಂಟ್‌ವಿಡ್ತನ್ನು 4 ಮಾಡಿ, ಯೂಸ್‌ಟ್ಯಾಬ್‌ಗೆ ಆಲ್ವೇಸ್ (ಸಾಧ್ಯವಿದ್ದಲ್ಲೆಲ್ಲ ಟ್ಯಾಬ್) ಎಂದು ಕೊಟ್ಟು, ಟ್ಯಾಬ್‌ವಿಡ್ತನ್ನು ಮುಟ್ಟದೆ ಬಿಟ್ಟರೆಂದುಕೊಳ್ಳಿ. ಆಗ ಮೊದಲ ಹಂತದ ಸಾಲಿಗೆ ನಾಲ್ಕು ಸ್ಪೇಸ್, ಎರಡನೆಯದಕ್ಕೆ ಒಂದು ಟ್ಯಾಬ್, ಮೂರನೆಯದಕ್ಕೆ ಒಂದು ಟ್ಯಾಬ್ ಮತ್ತು ನಾಲ್ಕು ಸ್ಪೇಸ್ ಬೀಳುತ್ತವೆ. ಟ್ಯಾಬನ್ನು 8 ಕಾಲಮ್ ಎಂದು ತೋರಿಸುವ ಎಡಿಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಫೈಲನ್ನು ಟ್ಯಾಬ್ 4 ಇಟ್ಟುಕೊಂಡ ಸಹೋದ್ಯೋಗಿ ತೆರೆದರೆ, ಫಂಕ್ಷನ್ನಿನ ಒಳಗಿನ ಇಫ್ ಮತ್ತು ಆ ಇಫ್‌ನ ಒಳಗಿನ ಸಾಲು ಒಂದೇ ಕಾಲಮಿನಲ್ಲಿ ನಿಂತಿರುತ್ತವೆ. ಫಾರ್ಮ್ಯಾಟರ್ ತಪ್ಪು ಮಾಡಿಲ್ಲ, ಹೇಳಿದಂತೆ ಕೇಳಿದೆ, ಅಷ್ಟೇ. ಹಾಗಾಗಿ ಫಲಿತಾಂಶವನ್ನು ಎರಡು ಬೇರೆ ಟ್ಯಾಬ್ ಅಗಲಗಳಲ್ಲಿ ತೆರೆದು ನೋಡದ ಪರೀಕ್ಷೆ ಅರ್ಧ ಪರೀಕ್ಷೆ. ಟ್ಯಾಬ್ ಬೇಕೇ ಬೇಕು ಎನ್ನುವವರಿಗೆ ನನ್ನ ಆಯ್ಕೆ ಅಲೈನ್‌ವಿತ್‌ಸ್ಪೇಸಸ್: ಹಂತಗಳಿಗೆ ಟ್ಯಾಬ್, ಆವರಣದ ಕೆಳಗೆ ಆರ್ಗ್ಯುಮೆಂಟುಗಳನ್ನು ಸಾಲಾಗಿ ನಿಲ್ಲಿಸುವುದಕ್ಕೆ ಸ್ಪೇಸ್. ಆದರೆ ಅಲ್ಲಿಯೂ ಇಂಡೆಂಟ್‌ವಿಡ್ತ್ ಮತ್ತು ಟ್ಯಾಬ್‌ವಿಡ್ತ್ ಎರಡನ್ನೂ ಸಮ ಮಾಡಿಯೇ ಓಡಿಸಿ.

ಪರೀಕ್ಷೆಗೆ ಕೊಡುವ ಫೈಲು ಕೊಳಕಾಗಿರಬೇಕು: ನೇಮ್‌ಸ್ಪೇಸಿನೊಳಗೆ ಕ್ಲಾಸ್, ಅದರೊಳಗೆ ಸ್ವಿಚ್, ನಡುವೆ ಪ್ರೀಪ್ರೊಸೆಸರ್ ಸಾಲುಗಳು, 80 ಕಾಲಮ್ ದಾಟುವ ಒಂದು ಷರತ್ತು. ಕೇಸ್ ಸಾಲುಗಳನ್ನು ಗೂಗಲ್ ಶೈಲಿ ಸ್ವಿಚ್‌ಗಿಂತ ಒಳಕ್ಕೆ ತಳ್ಳುತ್ತದೆ, ಲಿನಕ್ಸ್ ಕರ್ನೆಲ್ ಅದೇ ಕಾಲಮಿನಲ್ಲಿ ನಿಲ್ಲಿಸುತ್ತದೆ. ಇಂಥ ವ್ಯತ್ಯಾಸಗಳು ಅಚ್ಚುಕಟ್ಟಾದ ಮಾದರಿ ಫೈಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಬಂದ ಫಲಿತಾಂಶದ ಮೇಲೆ ಫಾರ್ಮ್ಯಾಟರನ್ನು ಇನ್ನೊಮ್ಮೆ ಓಡಿಸಿ. ಎರಡನೇ ಸಲವೂ ಏನಾದರೂ ಬದಲಾದರೆ ಆ ಸೆಟ್ಟಿಂಗನ್ನು ಸಿಐಗೆ (ಪ್ರತಿ ಬದಲಾವಣೆಯನ್ನೂ ತಾನೇ ಪರೀಕ್ಷಿಸುವ ವ್ಯವಸ್ಥೆಗೆ) ಹಾಕಬೇಡಿ.

ಇಷ್ಟೊಂದು ಹಠ ಯಾಕೆ ಎಂದು ಕೇಳುವವರಿಗೆ 2014ರಲ್ಲಿ ಆಪಲ್‌ನ ಎಸ್‌ಎಸ್‌ಎಲ್ ಕೋಡಿನಲ್ಲಿ ಸಿಕ್ಕ 'ಗೋಟು ಫೇಲ್' ದೋಷ ನೆನಪಿರಬಹುದು. ಅಲ್ಲಿ ಒಂದೇ ಗೋಟು ಸಾಲು ಎರಡು ಸಲ ಬಿದ್ದಿತ್ತು; ಎರಡನೆಯದು ಇಫ್‌ನ ಒಳಗಿರುವಂತೆ ಕಾಣುತ್ತಿತ್ತು, ಆದರೆ ಕಂಪೈಲರಿನ ಲೆಕ್ಕದಲ್ಲಿ ಹೊರಗಿತ್ತು. ಒಳ್ಳೆಯ ಫಾರ್ಮ್ಯಾಟರ್ ಓಡಿದ್ದರೆ ಆ ಸಾಲು ಎಡಕ್ಕೆ ಸರಿದು ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಎದ್ದು ಕಾಣುತ್ತಿತ್ತು. 2016ರಲ್ಲಿ ಬಂದ ಜಿಸಿಸಿ 6 ಕಂಪೈಲರ್ ಇಂಥ ದಾರಿತಪ್ಪಿಸುವ ಇಂಡೆಂಟೇಶನ್ನಿಗೆ ಎಚ್ಚರಿಕೆ ಕೊಡುತ್ತದೆ.

ಗೋ ಭಾಷೆಯವರು ಇದನ್ನೆಲ್ಲ ಓದಿ ನಗಬಹುದು. ಅವರ ಫಾರ್ಮ್ಯಾಟರ್ ಗೋಫ್‌ಎಂಟಿಯಲ್ಲಿ ಇಂಡೆಂಟೇಶನ್ ಆಯ್ಕೆಯೇ ಇಲ್ಲ, ಟ್ಯಾಬ್ ಅಂದರೆ ಟ್ಯಾಬ್. ಅವರ ನೆಮ್ಮದಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ. ಸಿ++ ಬರೆಯುವ ನಮಗೆ ಆ ಭಾಗ್ಯವಿಲ್ಲದ ಕಾರಣ, ಇಡೀ ರೆಪೊವನ್ನು ಹೊಸ ಸೆಟ್ಟಿಂಗಿಗೆ ತರುವ ಕಮಿಟನ್ನು ಬೇರೆಯಾಗಿಯೇ ಇಟ್ಟು, ಅದರ ಹ್ಯಾಶನ್ನು ಗಿಟ್ 2.23ರಿಂದ ಲಭ್ಯವಿರುವ ಇಗ್ನೋರ್-ರೆವ್ಸ್ ಫೈಲಿಗೆ (ಬ್ಲೇಮ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಕಮಿಟುಗಳ ಪಟ್ಟಿಗೆ) ಸೇರಿಸಿ. ಇಲ್ಲವಾದರೆ ಯಾವ ಸಾಲನ್ನು ಕೊನೆಗೆ ಯಾರು ಮುಟ್ಟಿದರು ಎಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಬದಲಾದ ಪ್ರತಿ ಸಾಲಿನ ಮುಂದೆಯೂ ಫಾರ್ಮ್ಯಾಟರ್ ಓಡಿಸಿದವರ ಹೆಸರೇ ಬರುತ್ತದೆ.